ಸನ್ಮಾನದ ದಿನ ಕೋಡಿ ಬಿದ್ದ ಕೆರೆ

ನಾನು ನಿವೃತ್ತಳಾಗುವುದಕ್ಕೆ ಎರಡು ವರ್ಷ ಮೊದಲು, ಕೊರೋನಾ ಮುಗಿದು ಜನ ಮತ್ತೆ ಸಭೆ ಸಮಾರಂಭ ಅಂತ ಸೇರತೊಡಗಿದ್ದ ಕಾಲದಲ್ಲಿ, ಯಲಹಂಕ ಭಾಗದ ಕೆಲವು ಕೆರೆಗಳ ಉಸ್ತುವಾರಿ ನನ್ನ ಪಾಲಿಗೆ ಬಂತು. ಹುದ್ದೆ ಅಸಿಸ್ಟೆಂಟ್ ಎಕ್ಸಿಕ್ಯುಟಿವ್ ಇಂಜಿನಿಯರ್. ಹೆಸರು ಉದ್ದ, ಕೆಲಸ ಮಾತ್ರ ಒಂದೇ ಸಾಲಿನದು: ಕೆರೆಗೆ ನೀರು ಬರುವ ದಾರಿಯನ್ನೂ ಕೆರೆಯಿಂದ ನೀರು ಹೋಗುವ ದಾರಿಯನ್ನೂ ಯಾರೂ ಮುಚ್ಚದ ಹಾಗೆ ನೋಡಿಕೊಳ್ಳುವುದು. ನಾನು ಹಾವೇರಿ ಕಡೆಯವಳು. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ಸಿಟ್ಟು ಬಂದಾಗ ಊರಿನ ಮಾತೇ ಬಾಯಿಗೆ ಬರುತ್ತದೆ. ಆ ಉದ್ಯೋಗದಲ್ಲಿ ಸಿಟ್ಟು ದಿನಾ ಬರುತ್ತಿತ್ತು.

ಊರಿನ ಹೆಸರನ್ನೂ ಜನರ ಹೆಸರನ್ನೂ ಬದಲಿಸಿದ್ದೇನೆ. ಗೌರೇನಹಳ್ಳಿ ಅನ್ನೋಣ. ಚಿಕ್ಕಜಾಲಕ್ಕಿಂತ ಈಚೆ, ಏರ್‌ಪೋರ್ಟ್ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಹಳೆಯ ಊರು. ಕೆರೆಯ ಏರಿಯ ಕೆಳಗೆ ಹಳೆಯ ಮನೆಗಳು, ಅವುಗಳ ನಡುವೆ ಈಚೆಗೆ ಎದ್ದ ಬಾಡಿಗೆ ಕಟ್ಟಡಗಳು. ಏರಿಯ ಎದುರು ದಡದಲ್ಲಿ, ನೀರು ಬಂದು ಸೇರುವ ತಗ್ಗಿನಲ್ಲಿ, ನೀಲಿ ತಗಡಿನ ಶೆಡ್ಡುಗಳು. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಅಲ್ಲಿದ್ದವು. ಏರಿಯ ಒಂದು ತುದಿಯಲ್ಲಿ ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯಲಿ ಎಂದು ಹಿಂದಿನವರು ಕಲ್ಲು ಹಾಸಿ ತಗ್ಗಾಗಿ ಬಿಟ್ಟ ಜಾಗ ಅದು. ಕೋಡಿ ದಾಟಿದ ನೀರು ಮುಂದಿನ ಬಯಲಿಗೆ ಇಳಿದು, ರಾಜಕಾಲುವೆ ಸೇರಿ, ಕೆಳಗಿನ ಕೆರೆಗೆ ಹೋಗಬೇಕು. ಆದರೆ ಕೋಡಿ ಬಿದ್ದು, ಅಂದರೆ ಕೆರೆ ತುಂಬಿ ಅದರ ಮೇಲೆ ನೀರು ಹರಿದು, ಎಷ್ಟೋ ವರ್ಷವಾಗಿ, ಆ ಬಯಲು ಕ್ರಿಕೆಟ್ ಮೈದಾನವಾಗಿತ್ತು.

ಈ ಕೆರೆ ಕೆರೆಯಾಗಿ ಉಳಿದದ್ದು ರತ್ನಮ್ಮ ಎಂಬ ಹೆಂಗಸಿನಿಂದ. ಒಕ್ಕಲುತನದ ಮನೆಯ ಸೊಸೆ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಲಾರಿಗಳು ಕೆರೆಗೆ ಕಟ್ಟಡದ ಕಸ ಸುರಿಯಲು ಬಂದಾಗ ಏರಿಯ ಮೇಲೆ ಅಡ್ಡ ಕೂತವರು. ನಮ್ಮ ಕಚೇರಿಗೆ ಬಂದು ಅರ್ಜಿ ಕೊಟ್ಟು, ಉತ್ತರ ಬರುವ ತನಕ ಬಾಗಿಲ ಬಳಿಯ ಕುರ್ಚಿ ಬಿಡುತ್ತಿರಲಿಲ್ಲ. ಅವರು ಬರುತ್ತಿದ್ದಾರೆ ಎಂದರೆ ನಮ್ಮ ಗುಮಾಸ್ತರಿಗೆ ಚಹಾ ಕುಡಿಯುವ ನೆನಪಾಗುತ್ತಿತ್ತು. ನನಗೆ ಮಾತ್ರ ಆ ಹೆಂಗಸು ಅಂದರೆ ತುಂಬಾ ಇಷ್ಟ.

ಇನ್ನೊಬ್ಬಳು ಶಾಂತವ್ವ. ಶೆಡ್ಡಿನವಳು, ಗಾರೆ ಕೆಲಸದವಳು. ಶೆಡ್ಡುಗಳಿಗೆ ಕುಡಿಯುವ ನೀರಿನ ಟ್ಯಾಂಕರ್ ಬರುವಂತೆ ಮಾಡಿದವಳು, ಮಕ್ಕಳಿಗೆ ಅಂಗನವಾಡಿ ತಂದವಳು, ಗಂಡಸರಿಗೂ ಹೆಂಗಸರಿಗೂ ಒಂದೇ ಕೂಲಿ ಕೊಡಿ ಎಂದು ಮೇಸ್ತ್ರಿಗಳ ಎದುರು ನಿಂತವಳು. ಮಾತು ಗಟ್ಟಿ, ನಗುವೂ ಗಟ್ಟಿ.

ಇವರಿಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ಶೆಡ್ಡುಗಳ ಕೊಳಕೆಲ್ಲ ಕೆರೆಗೆ ಬರುತ್ತಿದೆ, ಎಬ್ಬಿಸಿ ಎಂದು ರತ್ನಮ್ಮ ಅರ್ಜಿ ಕೊಟ್ಟಿದ್ದರು. ವಾರ್ಡ್ ಸಭೆಯಲ್ಲಿ ಶಾಂತವ್ವ ಎದ್ದು ನಿಂತು, “ಕೆರಿ ದಂಡಿಗೆ ಕಲ್ಲ ಹಾಕಿದವ್ರು ನಾವು. ಕೆರಿ ಬೇಕು, ಕಲ್ಲ ಹಾಕಿದ ಕೈ ಬ್ಯಾಡೇನ್ರಿ?” ಎಂದಿದ್ದಳು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಇಬ್ಬರ ನಡುವೆ ಕೂತ ನನಗೆ ಆ ಸಭೆಯಲ್ಲಿ ತಲೆನೋವು ಬಂದದ್ದು ಇನ್ನೂ ನೆನಪಿದೆ.

ಹೀಗಿರುವಾಗ ಊರಿನವರು ಒಂದು ಸನ್ಮಾನ ಸಮಾರಂಭ ಗೊತ್ತುಮಾಡಿದರು. ಪರಿಸರಕ್ಕಾಗಿ ದುಡಿದ ರತ್ನಮ್ಮನವರಿಗೆ, ಸಾಮಾಜಿಕ ನ್ಯಾಯಕ್ಕಾಗಿ ದುಡಿದ ಶಾಂತವ್ವನಿಗೆ, ಒಂದೇ ವೇದಿಕೆಯಲ್ಲಿ, ಸಚಿವರ ಕೈಯಿಂದ. ಸಚಿವರಿಗೆ ಎರಡು ಸಲ ಬರುವಷ್ಟು ಪುರುಸೊತ್ತಿಲ್ಲ ಎಂಬುದಷ್ಟೇ ಇಬ್ಬರನ್ನೂ ಸೇರಿಸಿದ್ದಕ್ಕೆ ಕಾರಣ. ಸಮಿತಿಯ ಅಧ್ಯಕ್ಷರು ಕೃಷ್ಣಪ್ಪ, ರತ್ನಮ್ಮನವರ ಮೈದುನ. ಜಮೀನು ಮಾರಿ, ಕಟ್ಟಡ ಕಟ್ಟಿ ಅನುಕೂಲವಾಗಿದ್ದವರು. ಅತ್ತಿಗೆಯ ಮೇಲೆ ಅಭಿಮಾನ ನಿಜವಾಗಿಯೂ ಇತ್ತು, ಸಚಿವರ ಪಕ್ಕ ನಿಲ್ಲುವ ಆಸೆಯೂ ಇತ್ತು. ಮನುಷ್ಯನಿಗೆ ಎರಡೂ ಇರಬಾರದು ಎಂದೇನಿಲ್ಲ.

ಪೆಂಡಾಲನ್ನು ಕೋಡಿ ಬಯಲಲ್ಲಿ ಹಾಕಬೇಕು ಎಂದರು. ನಾನು ಆಗುವುದಿಲ್ಲ ಎಂದೆ. ಮಳೆಗಾಲ, ಮೇಲಿನ ಕೆರೆಗಳೆಲ್ಲ ತುಂಬಿ ನಿಂತಿವೆ ಎಂದೆ. ಅನುಮತಿ ನನ್ನ ತಲೆಯ ಮೇಲಿಂದ ಹಾರಿ, ದೊಡ್ಡ ಕಚೇರಿಯಿಂದಲೇ ಬಂತು. ಕೋಡಿಯ ಬಾಯಿಗೆ ಏನನ್ನೂ ಹಾಕಬಾರದು ಎಂಬ ಷರತ್ತನ್ನಾದರೂ ಸೇರಿಸಿ ಎಂದು ಹಟ ಹಿಡಿದು ಹಾಕಿಸಿದೆ. ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಹೋಗಿ ನೋಡಿದಾಗ ಕೋಡಿ ಖಾಲಿಯಾಗಿಯೇ ಇತ್ತು, ನೀರು ಕೋಡಿಯ ಮಟ್ಟಕ್ಕಿಂತ ಎರಡು ಮೊಳ ಕೆಳಗಿತ್ತು. ಸಮಾಧಾನದಿಂದ ಮನೆಗೆ ಹೋದೆ.

ರಾತ್ರಿಯೆಲ್ಲ ಜಡಿಮಳೆ. ಬೆಳಿಗ್ಗೆ ಸ್ವಲ್ಪ ಬಿಡುವು ಕೊಟ್ಟಿತ್ತು. ನಾನು ಇನ್ನೂ ಯಲಹಂಕದಲ್ಲಿರುವಾಗಲೇ ಮೇಲಿನ ಕೆರೆಯ ಇಂಜಿನಿಯರ್ ಫೋನ್ ಮಾಡಿದರು. “ಮೇಡಂ, ನಮ್ಮ ಕೆರೆ ಕೋಡಿ ಬಿತ್ತು. ಇನ್ನೇನು ನಿಮ್ಮ ಕಡೆ ಬರುತ್ತೆ, ನೋಡ್ಕೊಳ್ಳಿ.” ಬರಲಿ ಎಂದೆ. ಬಂದ ನೀರು ಕೋಡಿ ದಾಟಿ ಹೋಗುತ್ತದೆ, ಪೆಂಡಾಲಿನ ನೆಲ ಒದ್ದೆಯಾಗುತ್ತದೆ, ಸಚಿವರ ಬೂಟು ಕೆಸರಾಗುತ್ತದೆ. ಅದರಿಂದ ಯಾರ ಪ್ರಾಣವೂ ಹೋಗುವುದಿಲ್ಲ ಎಂದು ಒಳಗೊಳಗೇ ಖುಷಿಪಟ್ಟೆ ಕೂಡ.

ಗೌರೇನಹಳ್ಳಿ ಮುಟ್ಟಿದಾಗ ಮೈಕಿನಲ್ಲಿ ಭಕ್ತಿಗೀತೆ ಜೋರಾಗಿತ್ತು. ಜೀಪನ್ನು ಏರಿಯ ಮೇಲೆ ನಿಲ್ಲಿಸಿ ಬಯಲಿನ ಕಡೆ ನಡೆದೆ. ಕೆಂಪು ಜಮಖಾನ ಹಾಸಿದ್ದರು, ಎರಡು ಕಡೆಗೂ ಬಾಳೆಕಂದು. ನಡು ದಾರಿಗೆ ಬಂದಾಗ ಕಾಲು ನಿಂತಿತು. ಇಲ್ಲಿ ನಾನು ಕೆಳಗೆ ಇಳಿಯಬೇಕಿತ್ತು. ಇಳಿಜಾರೇ ಇರಲಿಲ್ಲ. ಬಗ್ಗಿ ಜಮಖಾನದ ಅಂಚು ಎತ್ತಿದೆ. ಕೆಳಗೆ ಗ್ರಾವೆಲ್, ಅದರ ಕೆಳಗೆ ಒಡೆದ ಕಾಂಕ್ರೀಟು, ಇಟ್ಟಿಗೆ ಚೂರು. ನಾನು ಕೋಡಿಯ ಬಾಯಿಯ ಮೇಲೆಯೇ ನಿಂತಿದ್ದೆ. ಎಡಗಡೆ ಕೆರೆಯ ನೀರು ಆ ತುಂಬಿದ ಮಣ್ಣಿಗೆ ಒತ್ತಿ ನಿಂತಿತ್ತು.

ಕೃಷ್ಣಪ್ಪನವರು ಬಿಳಿ ಪಂಚೆ, ಶಲ್ಯದಲ್ಲಿ ನಗುತ್ತಾ ಬಂದರು. “ಬನ್ನಿ ಮೇಡಂ, ಟಿಫನ್ ಆಯ್ತಾ?”

“ಇದನ್ನ ಯಾರು ತುಂಬಿಸಿದ್ದು?”

“ನಾವೇ ಕಣ್ರೀ. ಸಚಿವರ ಕಾರು ತಗ್ಗಲ್ಲಿ ಇಳಿದ್ರೆ ಅಡಿ ಉಜ್ಜುತ್ತೆ ಅಂದ್ರು. ಅದಕ್ಕೆ ನೆನ್ನೆ ಸಾಯಂಕಾಲ ಜೆಸಿಬಿ ಮುನಿರಾಜುಗೆ ಯೋಳಿ ಸಮ ಮಾಡಿಸ್ದೆ. ಫಂಕ್ಷನ್ ಮುಗೀತಿದ್ದಂಗೆ ತೆಗೆಸ್ಬುಡ್ತೀನಿ.”

ಆ ಕ್ಷಣದಲ್ಲಿ ನನಗೆ ಬಂದ ಸಿಟ್ಟು ಹೇಳತೀರದು. ಕೆರೆ ಉಳಿಸಿದ ಹೆಂಗಸಿಗೆ ಸನ್ಮಾನ ಮಾಡಲು ಕೆರೆಯ ಬಾಯಿಗೇ ಬಟ್ಟೆ ತುರುಕಿದ್ದರು. ಅದೂ ಪ್ರೀತಿಯಿಂದ. ಕೆಟ್ಟ ಬುದ್ಧಿಯಿಂದ ಮಾಡಿದವರನ್ನು ಬಯ್ಯಬಹುದು, ಜಮಖಾನ ಹಾಸಿ ಮಾಡಿದವರನ್ನು ಏನು ಮಾಡುವುದು? ಬಾಳೆಕಂದಿನಿಂದ ಒಂದು ಸೀಳು ಕಿತ್ತು ನೀರಿನ ಅಂಚಿಗೆ ಗುರುತಾಗಿ ಊರಿದೆ. ಕೃಷ್ಣಪ್ಪನವರಿಗೆ ಕೆರೆಯ ಲೆಕ್ಕ ಹೇಳಿದೆ. ಹೋಗಲು ದಾರಿ ಇಲ್ಲದ ನೀರು ಮೊದಲು ಹಿಂದಕ್ಕೆ ಏರುತ್ತದೆ, ಎದುರು ದಡದ ಶೆಡ್ಡುಗಳಿಗೆ ನುಗ್ಗುತ್ತದೆ. ಆಮೇಲೂ ಏರಿದರೆ, ಬೈಕುಗಳು ಓಡಾಡಿ ತಗ್ಗಾಗಿರುವ ಕಡೆ ಏರಿಯ ಮೇಲೆ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿತು ಅಂದರೆ ಏರಿ ಉಳಿಯುವುದಿಲ್ಲ. ಅದರ ಕೆಳಗಿರುವುದು ನಿಮ್ಮದೇ ಊರು ಎಂದೆ. ಅವರು ಗಡಿಯಾರ ನೋಡಿಕೊಂಡರು.

“ಸಚಿವರು ಹೆಬ್ಬಾಳ ಬಿಟ್ಟವ್ರಂತೆ ಮೇಡಂ. ಬಂದು, ಹಾರ ಹಾಕಿ ಓಗೋಷ್ಟ್ರಲ್ಲಿ ಏನೂ ಆಗಲ್ಲ. ಇಷ್ಟು ವರ್ಷ ಆಗದ್ದು ಇವತ್ತೇ ಆಗ್ಬುಡ್ತದಾ?”

ತಿರುಗಿ ನೋಡಿದೆ. ನಾನು ಊರಿದ್ದ ಬಾಳೆಯ ಸೀಳು ಮುಳುಗಿತ್ತು.

ಮೇಲಧಿಕಾರಿಗೆ ಫೋನ್ ಮಾಡಿದೆ. ಅವರು ಸಚಿವರ ಹಿಂದಿನ ಕಾರಿನಲ್ಲೇ ಇದ್ದರು. “ಲಿಖಿತ ಆದೇಶ ಇಲ್ಲದೆ ಅಲ್ಲಿ ಏನೂ ಅಗೀಬೇಡಿ. ಕಾರ್ಯಕ್ರಮ ಮುಗೀಲಿ, ಆಮೇಲೆ ನೋಡೋಣ” ಎಂದರು. ನಮ್ಮ ವಿಭಾಗದ ಯಂತ್ರಕ್ಕೆ ಕೇಳಿದರೆ, ಅದು ನೀರು ತುಂಬಿದ ಅಂಡರ್‌ಪಾಸಿನ ಆಚೆ ಸಿಕ್ಕಿಕೊಂಡಿತ್ತು. ಇದ್ದದ್ದು ಒಂದೇ ಜೆಸಿಬಿ, ಮುನಿರಾಜುವಿನದು. ಕೋಡಿ ತುಂಬಿಸಿದ್ದ ಅದೇ ಜೆಸಿಬಿ ಏರಿಯ ಪಕ್ಕದಲ್ಲಿ ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಸಚಿವರ ಮೇಲೆ ಹೂ ಸುರಿಯಲು ಅದನ್ನು ತಂದಿದ್ದರು.

ಅಷ್ಟರಲ್ಲಿ ಶಾಂತವ್ವ ಏರಿಯ ಮೇಲೆ ಓಡುತ್ತಾ ಬಂದಳು. ಸಮಾರಂಭಕ್ಕೆಂದು ಉಟ್ಟ ಹಸಿರು ಇಳಕಲ್ ಸೀರೆ ಮೊಣಕಾಲ ತನಕ ಒದ್ದೆ.

“ಬಾಯಾರ, ನೀರು ಒಳಗ ಬಂದದ್ರಿ! ಅಂಗನವಾಡಿ ಕಟ್ಟಿಗಿ ಹತ್ತೇದ. ಕೂಸುಗಳು ಅಲ್ಲೇ ಅದಾವ್ರಿ, ತಾಯಂದ್ರೆಲ್ಲ ಫಂಕ್ಷನ್‌ಗೆ ಇಲ್ಲಿ ಬಂದು ಕುಂತಾರ!”

“ಕೂಸುಗಳನ್ನ ಮೊದಲ ಹೊರಗ ತಗೀರಿ ಶಾಂತವ್ವ. ಸಾಮಾನು ಹಾಳಾಗಿ ಹೋಗ್ಲಿ. ಎಲ್ಲಾರನ್ನೂ ರಸ್ತೆಗೆ ಹತ್ತಸ್ರಿ” ಎಂದೆ. ಬೆಂಗಳೂರಿನ ಮಾತು ಎಲ್ಲಿಗೆ ಹೋಯಿತೋ. ಅವಳು ಪೆಂಡಾಲಿನ ಬಾಗಿಲಲ್ಲಿ ನಿಂತು ತನ್ನವರ ಹೆಸರು ಹಿಡಿದು ಕೂಗಿದಳು. ಶೆಡ್ಡಿನ ಹೆಂಗಸರು ಎದ್ದು ಹುಚ್ಚರಂತೆ ಓಡಿದರು. ಶಾಂತವ್ವ ಅವರ ಮುಂದೆ ಓಡಿದಳು.

ವೇದಿಕೆಯ ಮೇಲೆ ರತ್ನಮ್ಮ ಒಬ್ಬರೇ ಕೂತಿದ್ದರು. ಎಂದೂ ಮಾಸಿದ ಸೀರೆಯಲ್ಲೇ ಏರಿ ಸುತ್ತುತ್ತಿದ್ದವರು ಅವತ್ತು ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು. ಬದುಕಿನಲ್ಲಿ ಅವರಿಗೆ ನಾಲ್ಕು ಜನರ ಎದುರು ಸಿಗುತ್ತಿದ್ದ ಮೊದಲ ಗೌರವ ಅದು. ಪಕ್ಕದ ಮೇಜಿನ ಮೇಲೆ ಸನ್ಮಾನದ ಎರಡು ಬಿದಿರಿನ ಬುಟ್ಟಿಗಳು, ತುಂಬಾ ಹಣ್ಣು, ತೆಂಗಿನಕಾಯಿ. ಶಾಂತವ್ವನ ಬುಟ್ಟಿಯಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ. ರತ್ನಮ್ಮನ ಬುಟ್ಟಿಯಲ್ಲಿ ಅವು ಯಾವುವೂ ಇರಲಿಲ್ಲ. ವಿಧವೆಯ ಬುಟ್ಟಿಯನ್ನು ಯಾರೋ ಎಚ್ಚರದಿಂದ ಬೇರೆ ಮಾಡಿದ್ದರು. ಅಷ್ಟು ಅವಸರದಲ್ಲೂ ಅದು ನನ್ನ ಕಣ್ಣಿಗೆ ಚುಚ್ಚಿತು.

“ರತ್ನಮ್ಮ, ಕೋಡಿ ಮುಚ್ಚಿದಾರೆ. ಈಗಲೇ ತೆಗೀಬೇಕು. ತೆಗೆದರೆ ನೀರು ಈ ಪೆಂಡಾಲಿನ ಮೇಲೇ ಬರುತ್ತೆ. ಇವತ್ತಿನ ಕಾರ್ಯಕ್ರಮ ಆಗಲ್ಲ” ಎಂದೆ.

ಅವರಿಗೆ ಕೋಡಿ ಮುಚ್ಚಿದ್ದು ಗೊತ್ತಿರಲಿಲ್ಲ. ಮನೆಯಿಂದ ಕಾರಿನಲ್ಲಿ ಕೂರಿಸಿಕೊಂಡು ಬಂದು ವೇದಿಕೆಗೇ ಹತ್ತಿಸಿದ್ದರು. ಈಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದರು. “ಅಯ್ಯೋ ಮೂದೇವಿಗಳಾ” ಅಂದರು, ಅಷ್ಟೆ.

ನಾನು ಮೈಕು ಕೈಗೆತ್ತಿಕೊಂಡೆ. ಭಕ್ತಿಗೀತೆ ನಿಲ್ಲಿಸಿ, ಎಲ್ಲರೂ ಬಯಲು ಬಿಟ್ಟು ಎತ್ತರದ ರಸ್ತೆಗೆ ಹೋಗಿ, ಮುದುಕರನ್ನು ಮೊದಲು ಕರೆದುಕೊಂಡು ಹೋಗಿ ಎಂದೆ. ಬಂದೋಬಸ್ತಿಗಿದ್ದ ಸಬ್‌ ಇನ್‌ಸ್ಪೆಕ್ಟರ್ ನನ್ನ ಮುಖ ನೋಡಿದ, ನೀರಿನ ಕಡೆ ನೋಡಿದ, ಒಂದೂ ಪ್ರಶ್ನೆ ಕೇಳದೆ ತನ್ನ ಪೇದೆಗಳನ್ನು ಹಚ್ಚಿದ. ಆ ಮನುಷ್ಯನಿಗೆ ನಾನು ಇವತ್ತಿಗೂ ಋಣಿ. ಕೃಷ್ಣಪ್ಪ ಮಾತ್ರ ಮೈಕಿನ ವೈರು ಎಳೆಯಲು ಬಂದರು. ರತ್ನಮ್ಮ ಅವರ ಕೈ ಹಿಡಿದುಕೊಂಡರು.

“ನನ್ ಸನ್ಮಾನಕ್ಕೆ ಮಕ್ಕಳ ಪ್ರಾಣ ಓಗ್ಬೇಕೇನಪ್ಪ ಕೃಷ್ಣಪ್ಪ?”

ಕೃಷ್ಣಪ್ಪನವರ ಕೈ ಸಡಿಲವಾಯಿತು.

ಇಷ್ಟಾದ ಮೇಲೆ ಉಳಿದದ್ದು ಅಗೆಯುವ ಕೆಲಸವೊಂದೇ ಎಂದುಕೊಂಡು ಮುನಿರಾಜುವಿನ ಹತ್ತಿರ ಓಡಿದೆ. ನಲವತ್ತು ದಾಟಿದ ಗಟ್ಟಿ ಆಳು. ಜೆಸಿಬಿಯ ಸೀಟಿನಲ್ಲಿ ಕೂತಿದ್ದವನು ನಾನು ಹೇಳಿದ್ದು ಕೇಳಿ ಕೆಳಗಿಳಿದ. ಇಳಿದು ಚಪ್ಪಲಿ ಬಿಟ್ಟ.

“ಆಗಲ್ಲ ಮೇಡಂ. ತಪ್ಪು ತಿಳ್ಕೋಬೇಡಿ. ಕೋಡಿಗೆ ಕಬ್ಬಿಣ ಮುಟ್ಸಲ್ಲ ನಾನು.”

“ನಿನ್ನೆ ನೀವೇ ಅಲ್ಲೇನ್ರೀ ತುಂಬಿದ್ದು?”

“ನೆನ್ನೆ ನೀರಿರ್ಲಿಲ್ಲ. ಈಗ ಗಂಗಮ್ಮ ಬಂದ್ಬುಟ್ಟವ್ಳೆ. ಬಾಗಿನ ಕೊಡ್ದೆ ಕೋಡಿ ಕಡಿಯಂಗಿಲ್ಲ ಕಣ್ರೀ. ಕೆರೆ ಕಡಿದೋರ ಮನೇಲಿ ದೀಪ ಅಚ್ಚೋರು ಉಳಿಯಲ್ಲ. ನಂಗೂ ಮಕ್ಕಳವ್ರೆ.”

ಬಾಗಿನ ಎಂದರೆ ಗೊತ್ತಲ್ಲ, ತುಂಬಿದ ಕೆರೆಗೆ ಹೆಂಗಸರು ಮಡಿಲು ತುಂಬುವಂತೆ ಹಣ್ಣು, ಕಾಯಿ, ಅರಿಶಿನ ಕುಂಕುಮ ಅರ್ಪಿಸುವುದು. ಆ ಊರಿನಲ್ಲಿ ಕೋಡಿಯ ಮಟ್ಟಕ್ಕೆ ನೀರು ಬಂದರೆ ಬಾಗಿನ ಆಗುವ ತನಕ ಯಾರೂ ಕೋಡಿಯನ್ನು ಮೆಟ್ಟುವುದೂ ಇಲ್ಲ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬೇಡಿಕೊಂಡೆ, ಗದರಿದೆ, ಪೊಲೀಸರನ್ನು ಕರೆಯುತ್ತೇನೆ ಎಂದೆ. ಅವನು ಕೀಲಿ ತೆಗೆದು ನನ್ನ ಕೈಗೇ ಕೊಟ್ಟ. “ನೀವೇ ಓಡ್ಸಿ” ಎಂದ. ಹೆದರಿದವನ ಹತ್ತಿರ ಜಗಳವಾಡಿ ಗೆಲ್ಲಲು ಆಗುವುದಿಲ್ಲ. ಅವನ ಹೆದರಿಕೆಯೇ ಆ ಕೆರೆಯನ್ನು ಇಷ್ಟು ತಲೆಮಾರು ಕಾದದ್ದು ಎಂಬುದೂ ನನಗೆ ಗೊತ್ತಿತ್ತು. ಏರಿಯ ತಗ್ಗಿನ ಕಡೆ ಹೋಗಿದ್ದ ಪೇದೆ ಅಲ್ಲಿಂದಲೇ ಕೈ ಬೀಸಿ ಕೂಗಿದ. ನೀರು ಏರಿಯ ತಲೆ ಮುಟ್ಟಲು ಒಂದು ಗೇಣಷ್ಟೇ ಉಳಿದಿತ್ತು.

“ಬಾಗಿನ ತಾನೇ? ಕೊಡಾನ” ಎಂದವರು ರತ್ನಮ್ಮ. ವೇದಿಕೆಗೆ ಹೋಗಿ ಸನ್ಮಾನದ ಎರಡೂ ಬುಟ್ಟಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಂದಿದ್ದರು.

ರಸ್ತೆಗೆ ಹೋಗದೆ ಉಳಿದ ಜನ ಕೋಡಿಯ ಪಕ್ಕ ಏರಿಯ ಮೇಲೆ ಸೇರಿದ್ದರು. ಯಾರೋ ಹಿಂದಿನಿಂದ ಗೊಣಗಿದರು. ಕೃಷ್ಣಪ್ಪನವರೇ ಬಾಯಿಬಿಟ್ಟು ಹೇಳಿದರು. “ಅತ್ತಿಗೆ, ನೀವು ಕೊಡಂಗಿಲ್ಲ. ಮುತ್ತೈದೇರು ಕೊಡ್ಬೇಕು. ನಮ್ಮೋಳು ಮನೇಲಿ ರೆಡಿ ಆಗ್ತಾವ್ಳೆ, ಕರೆಸ್ತೀನಿ ತಡೀರಿ.”

ಹಿಂದೆ ಒಮ್ಮೆ ಕೋಡಿ ಬಿದ್ದಾಗಲೂ ಹೀಗೇ ಆಗಿತ್ತಂತೆ. ಬಾಗಿನ ಕೊಟ್ಟವರು ಕೃಷ್ಣಪ್ಪನವರ ಹೆಂಡತಿ. ರತ್ನಮ್ಮ ಹಿಂದೆ, ಹೆಂಗಸರ ಸಾಲಿನ ಕೊನೆಯಲ್ಲಿ ನಿಂತಿದ್ದರಂತೆ. ಈಗ ಅವರು ಬುಟ್ಟಿ ಕೆಳಗಿಡಲಿಲ್ಲ. ಧ್ವನಿಯನ್ನೂ ಏರಿಸಲಿಲ್ಲ.

“ಲಾರಿ ಮುಂದೆ ಅಡ್ಡ ಕೂತ್ಕೊಳೋವಾಗ ಈ ಬೋಳು ಅಣೆ ಯಾರಿಗೂ ಅಡ್ಡ ಬರ್ಲಿಲ್ಲ. ಈಗ್ಯಾಕಪ್ಪ ಅಡ್ಡ ಬತ್ತದೆ?”

ಮುನಿರಾಜು ತಲೆ ತಗ್ಗಿಸಿದ. ಆದರೆ ಬಾಗಿನವನ್ನು ಒಬ್ಬಳೇ ಕೊಡುವ ಪದ್ಧತಿಯೂ ಅಲ್ಲಿಲ್ಲ. ಇಬ್ಬರು ಹೆಂಗಸರು ಎದುರುಬದುರು ಹಿಡಿದು, ಮೇಲೆ ಸೆರಗು ಮುಚ್ಚಿ ಕೊಡಬೇಕು. ರತ್ನಮ್ಮ ಸುತ್ತ ನೋಡಿದರು. ಊರಿನ ಹೆಂಗಸರು ಒಬ್ಬರ ಹಿಂದೆ ಒಬ್ಬರು ಸರಿದರು. ನಾನು ಮುಂದೆ ಹೋಗಲು ಒಂದು ಹೆಜ್ಜೆ ಇಟ್ಟಿದ್ದೆ, ಅಷ್ಟರಲ್ಲಿ ರತ್ನಮ್ಮನ ಕಣ್ಣು ನನ್ನನ್ನು ದಾಟಿ ಹೋಯಿತು.

ಎದುರು ದಡದಿಂದ ಶಾಂತವ್ವ ವಾಪಸು ಬರುತ್ತಿದ್ದಳು. ಸೊಂಟದ ಮೇಲೊಂದು ಕೂಸು, ಕೈಯಲ್ಲೊಂದು. ಕೂಸುಗಳನ್ನು ರಸ್ತೆಯ ಮೇಲೆ ಯಾರದೋ ಕೈಗೆ ಕೊಟ್ಟು, “ಎಲ್ಲಾ ಹೊರಗ ಬಂದಾವ್ರಿ” ಎಂದು ನನಗೆ ಕೂಗಿ ಹೇಳಿದಳು. ನನ್ನ ಜೀವ ಅರ್ಧ ಬಂತು.

“ಶಾಂತಮ್ಮ, ಬಾರವ್ವ ಇಲ್ಲಿ. ಈ ಕಡೆ ಇಡ್ಕೋ” ಎಂದರು ರತ್ನಮ್ಮ. ಅವರ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು.

ಶಾಂತವ್ವ ನಿಂತಲ್ಲೇ ನಿಂತಳು. ಅವಳ ಮನೆ ಆಗಲೇ ನೀರಿನಲ್ಲಿತ್ತು. ತನ್ನನ್ನು ಎಬ್ಬಿಸಲು ಅರ್ಜಿ ಕೊಟ್ಟ ಹೆಂಗಸು ಬುಟ್ಟಿ ಚಾಚಿ ನಿಂತಿದ್ದಳು. ಇವಳು ಈಗ ಬೆನ್ನು ತಿರುಗಿಸಿದರೆ ಯಾರೂ ತಪ್ಪು ಹೇಳುವಂತಿರಲಿಲ್ಲ, ನಾನಂತೂ ಹೇಳುತ್ತಿರಲಿಲ್ಲ. ಅವಳು ಕೆಸರಿನ ಕೈಯನ್ನು ಇಳಕಲ್ ಸೀರೆಗೆ ಒರೆಸಿಕೊಂಡಳು.

“ನಾ ಹಿಡಿದ್ರ ನಿಮ್ಮೂರ ಗಂಗವ್ವಗ ನಡೀತದೇನ್ರಿ ಅಕ್ಕಾರ?”

“ನನ್ನೇ ಇಡ್ಕೊಂಡವ್ಳೆ, ನಿನ್ನ ಬುಟ್ಟಾಳಾ? ಬಾ ಬಿರ್ರನೆ.”

ಶಾಂತವ್ವನ ಬುಟ್ಟಿಯಲ್ಲಿದ್ದ ಅರಿಶಿನ, ಕುಂಕುಮ, ಬಳೆಗಳನ್ನು ರತ್ನಮ್ಮ ಅರ್ಧ ತೆಗೆದು ತಮ್ಮ ಬುಟ್ಟಿಗೂ ಹಾಕಿದರು. ಇಬ್ಬರೂ ನೀರಿನ ಅಂಚಿಗೆ ಇಳಿದು, ಎದುರುಬದುರು ನಿಂತು, ನೇರಳೆ ಸೆರಗು ಒಂದು ಕಡೆಯಿಂದ, ಹಸಿರು ಸೆರಗು ಇನ್ನೊಂದು ಕಡೆಯಿಂದ ಮುಚ್ಚಿ, ಬುಟ್ಟಿಗಳನ್ನು ಒಂದರ ಹಿಂದೆ ಒಂದು ನೀರಿಗೆ ಬಿಟ್ಟರು. ಮಂತ್ರ ಗಿಂತ್ರ ಏನೂ ಇಲ್ಲ. “ತಪ್ಪಾಯ್ತು ತಾಯಿ, ದಾರಿ ಬಿಡ್ತೀವಿ” ಎಂದರು ರತ್ನಮ್ಮ. ಶಾಂತವ್ವ ಕೈಮುಗಿದಳು. ಮುನಿರಾಜು ನನ್ನ ಕೈಯಿಂದ ಕೀಲಿ ಕಿತ್ತುಕೊಂಡು ಓಡಿದ.

ಆಮೇಲಿನದು ಯಂತ್ರದ ಕೆಲಸ. ನಾನು ಅವನ ಮುಂದೆ ನಿಂತು ಕೈ ತೋರಿಸುತ್ತಿದ್ದೆ. ಒಮ್ಮೆಲೇ ಅಗಲವಾಗಿ ತೆಗೆದರೆ ನೀರಿನ ರಭಸಕ್ಕೆ ಜೆಸಿಬಿಯೇ ಹೋಗುತ್ತದೆ. ಮೊದಲು ಬಯಲಿನ ಕಡೆಯಿಂದ ಬಗೆದು, ಕೊನೆಗೆ ಕೆರೆಯ ಕಡೆ ಒಂದು ಸಣ್ಣ ಸೀಳು ಬಿಡಬೇಕು, ಉಳಿದದ್ದನ್ನು ನೀರೇ ಒಯ್ಯುತ್ತದೆ. ಕೆಂಪು ಜಮಖಾನ ಬಕೆಟ್ಟಿನ ಹಲ್ಲಿಗೆ ಸಿಕ್ಕಿ ಹರಿಯಿತು. ಕೊನೆಯ ಸೀಳು ಬಿಟ್ಟು ಮುನಿರಾಜು ಯಂತ್ರವನ್ನು ಹಿಂದಕ್ಕೆ ಎಳೆದುಕೊಳ್ಳುವುದಕ್ಕೂ ನೀರು ನುಗ್ಗುವುದಕ್ಕೂ ಸರಿಹೋಯಿತು. ಇಟ್ಟಿಗೆ, ಗ್ರಾವೆಲ್ಲು, ಬಾಳೆಕಂದು, ಪ್ಲಾಸ್ಟಿಕ್ ಕುರ್ಚಿ ಎಲ್ಲವನ್ನೂ ದೂಡಿಕೊಂಡು ಕೆಂಪು ನೀರು ಬಯಲಿಗೆ ಬಿತ್ತು. ಪೆಂಡಾಲಿನ ಕಂಬಗಳು ವಾಲಿದವು. ಸಚಿವರಿಗೆ ಇಟ್ಟಿದ್ದ ದೊಡ್ಡ ಕುರ್ಚಿ ಒಂದು ಸುತ್ತು ತಿರುಗಿ, ರಾಜಕಾಲುವೆಯ ಕಡೆ ಗಂಭೀರವಾಗಿ ಹೋಯಿತು. ಅಷ್ಟು ಹೆದರಿಕೆಯ ನಡುವೆಯೂ ಯಾರೋ ಶಿಳ್ಳೆ ಹೊಡೆದರು.

ನಾನು ಏರಿಯ ತಗ್ಗಿಗೆ ಹೋಗಿ ನೋಡಿದೆ. ನೀರು ಏರಿಯ ತಲೆಯನ್ನು ಮುಟ್ಟಿ, ಒಂದು ಕಡೆ ತೆಳ್ಳಗೆ ಆಚೆಗೆ ಇಣುಕಿತ್ತು. ಅಲ್ಲೇ ಮರಳಿನ ಚೀಲ ಹಾಕಿಸಿ ಕಾದೆವು. ಆ ಒದ್ದೆ ಗುರುತಿನಿಂದ ನೀರು ಕೆಳಗೆ ಇಳಿದಾಗ ಏರಿಯ ಮೇಲೆಯೇ ಕೂತುಬಿಟ್ಟೆ. ಕೃಷ್ಣಪ್ಪನವರು ಬಂದು ಪಕ್ಕದಲ್ಲಿ ಕೂತರು. ಅಲ್ಲಿಂದ ನೇರ ಕೆಳಗೆ ಕಾಣುತ್ತಿದ್ದದ್ದು ಅವರದೇ ಮನೆಯ ತಾರಸಿ. ಅಲ್ಲಿ ಅವರ ಹೆಂಡತಿ ಏನೂ ತಿಳಿಯದೆ ಹೂ ಮುಡಿದುಕೊಂಡು ರಸ್ತೆ ನೋಡುತ್ತಿದ್ದರು.

ಸಚಿವರು ಯಲಹಂಕದಿಂದಲೇ ವಾಪಸಾದರು. ಸಚಿವರ ಕಾರ್ಯಕ್ರಮಕ್ಕೆ ಅಡ್ಡಿಪಡಿಸಿದ್ದಕ್ಕೆ ಕಾರಣ ಕೇಳಿ ನನಗೊಂದು ನೋಟಿಸು ಬಂತು. ಉತ್ತರ ಬರೆದೆ. ಅಷ್ಟರಲ್ಲಿ ಕೋಡಿ ಹರಿಯುವ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿ, ಸಕಾಲಕ್ಕೆ ಕೋಡಿ ತೆರೆಸಿದ್ದು ತಾವೇ ಎಂದು ಸಚಿವರು ಟೀವಿಯಲ್ಲಿ ಹೇಳಿಬಿಟ್ಟರು. ನನ್ನ ನೋಟಿಸಿನ ಕತೆ ಅಲ್ಲಿಗೆ ಮುಗಿಯಿತು. ನಾನು ಅವರಿಗೆ ಮನಸ್ಸಿನಲ್ಲೇ ಧನ್ಯವಾದ ಹೇಳಿದೆ.

ಶೆಡ್ಡುಗಳಲ್ಲಿ ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ನೆನೆದು ಹೋದವು, ಜೀವ ಹೋಗಲಿಲ್ಲ. ಅವರೆಲ್ಲ ಕೆಲವು ದಿನ ಇದ್ದದ್ದು ಊರಿನ ಸಮುದಾಯ ಭವನದಲ್ಲಿ. ಬೀಗ ತೆಗೆಸಿದವರು ಕೃಷ್ಣಪ್ಪ. ಮುಂದೆ ರತ್ನಮ್ಮ ನಮ್ಮ ಕಚೇರಿಗೆ ಬಂದಾಗ ಜೊತೆಯಲ್ಲಿ ಶಾಂತವ್ವನೂ ಇದ್ದಳು. ಗುಮಾಸ್ತರು ಚಹಾಕ್ಕೆ ಎದ್ದರು. ಕೆರೆಯ ಅಂಗಳ ಖಾಲಿಯಾಗಲೇಬೇಕು, ಆದರೆ ಇವರಿಗೆ ಬೇರೆ ಜಾಗ ತೋರಿಸಿದ ಮೇಲೆ ಎಂದು ರತ್ನಮ್ಮ ಹೊಸ ಅರ್ಜಿ ತಂದಿದ್ದರು. ಕೆಲವು ಕುಟುಂಬಗಳಿಗೆ ಚಿಕ್ಕಜಾಲದ ಕಡೆ ಮನೆ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ. ಶಾಂತವ್ವ ಎಲ್ಲರಿಗೂ ಸಿಗುವ ತನಕ ತಾನು ಹೋಗುವುದಿಲ್ಲ ಎಂದು ಅಲ್ಲೇ ಉಳಿದಳು.

ಆ ಸನ್ಮಾನ ಮತ್ತೆ ನಡೆಯಲೇ ಇಲ್ಲ. ಫಲಕಗಳು ನೀರಿನಲ್ಲಿ ಹೋಗಿದ್ದವು, ಹೊಸ ದಿನಾಂಕ ಯಾರೂ ಕೊಡಲಿಲ್ಲ. ಮರುವರ್ಷದ ಮಳೆಗೆ ಕೆರೆ ಮತ್ತೆ ತುಂಬಿತು. ಕೋಡಿ ತೆರೆದೇ ಇತ್ತು, ಬಯಲು ಖಾಲಿ ಇತ್ತು. ನೋಡಿಕೊಂಡು 'ಸರಿಯಿದೆ' ಎಂದು ಬರೆದು ಬರಲು ಹೋಗಿದ್ದೆ. ಊರೆಲ್ಲ ಏರಿಯ ಮೇಲಿತ್ತು. ಮೈಕಿಲ್ಲ, ಪೆಂಡಾಲಿಲ್ಲ. ಮುನಿರಾಜು ಜೆಸಿಬಿಯನ್ನು ದೂರದಲ್ಲಿ ನಿಲ್ಲಿಸಿ ಬರಿಗಾಲಲ್ಲಿ ನಿಂತಿದ್ದ. ಕೃಷ್ಣಪ್ಪನವರ ಹೆಂಡತಿ ಬಾಗಿನದ ಮೊರ ಹಿಡಿದು ಮುಂದೆ ಇದ್ದರು. ರತ್ನಮ್ಮ ಅಭ್ಯಾಸಬಲದಿಂದ ಹೆಂಗಸರ ಸಾಲಿನ ಕೊನೆಗೆ ಹೋಗಿ ನಿಂತಿದ್ದರು, ಶಾಂತವ್ವ ಅವರ ಪಕ್ಕದಲ್ಲಿ.

ಕೃಷ್ಣಪ್ಪನವರು ಹೆಂಡತಿಯ ಕೈಯಿಂದ ಮೊರ ತೆಗೆದುಕೊಂಡರು. ಸಾಲಿನ ಉದ್ದಕ್ಕೂ ನಡೆದು ಕೊನೆಗೆ ಹೋದರು.

“ಅತ್ತಿಗೆ, ನೀವಿಲ್ದೆ ಕೋಡಿ ಮೆಟ್ಟಲ್ಲ ಅಂತವ್ನೆ ಮುನಿರಾಜು. ಬನ್ನಿ ಮುಂದಕ್ಕೆ. ಶಾಂತಮ್ಮ, ನೀನೂ ಬಾರವ್ವ.”

ಸಾಲಿನಲ್ಲಿದ್ದ ಹೆಂಗಸರು ಪಕ್ಕಕ್ಕೆ ಸರಿದು ಇಬ್ಬರಿಗೂ ದಾರಿ ಬಿಟ್ಟರು. ನೀರಿಗೆ ದಾರಿ ಬಿಡಿಸುವುದೇ ನನ್ನ ಉದ್ಯೋಗವಾಗಿತ್ತು. ಮುಚ್ಚಿದ ದಾರಿ ತೆರೆಯಲು ಯಂತ್ರ ಸಾಕು, ಮುಚ್ಚುವಾಗಲೇ ತಡೆಯಲು ಊರು ಬೇಕು ಎಂದು ಅದು ನನಗೆ ಕಲಿಸಿತು. ಅವತ್ತು ಮಾತ್ರ ಆ ಪಾಠ ನನ್ನ ತಲೆಯಲ್ಲಿರಲಿಲ್ಲ. ಕಣ್ಣು ತುಂಬಿ ನನಗೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಕೃಷ್ಣಪ್ಪನವರ ಹೆಂಡತಿ ಕುಂಕುಮದ ಭರಣಿ ಹಿಡಿದು, ಇಡಲೋ ಬೇಡವೋ ಎಂದು ರತ್ನಮ್ಮನ ಹಣೆಯ ಹತ್ತಿರ ಕೈ ತಂದು ಅನುಮಾನಿಸಿದರು.

ರತ್ನಮ್ಮ ಆ ಕೈಯನ್ನು ಮೆಲ್ಲಗೆ ಹಿಡಿದು ಮೊರದ ಮೇಲೆ ತಂದರು. “ನಂಗೆ ಬ್ಯಾಡ ಕಣವ್ವ, ಗಂಗಮ್ಮಂಗೆ ಆಕು. ನೀರು ಕಾಯ್ತಾ ಅದೆ” ಎಂದು ಕೋಡಿಯ ಕಡೆ ಇಳಿದರು.